ಎರಡು ಇಂಚು ನೀರಿನ ಕಾವಲು

ಏಪ್ರಿಲ್ ಬಂತೆಂದರೆ ನನ್ನ ಫೋನಿಗೆ ಬರುವ ಕರೆಗಳೇ ಬೇರೆ. ಮಳೆಗಾಲದಲ್ಲಿ ‘ಚೇಂಬರ್ ತುಂಬಿ ಹರಿಯಾಕತ್ತದ’ ಎನ್ನುವವರು, ಚಳಿಗಾಲದಲ್ಲಿ ‘ಗೀಸರಿಗೆ ನೀರು ಏರವಲ್ದು’ ಎನ್ನುವವರು, ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿದ ಮೇಲೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ: ‘ಅಣ್ಣಾರ, ಬಚ್ಚಲದಾಗ ಕೆಟ್ಟ ನಾತ ಬರ್ತಾದ, ಮನಿಯಾಗ ಕುಂದ್ರಂಗಿಲ್ಲ.’ ಹೋಗಿ ನೋಡಿದರೆ ಪೈಪು ಒಡೆದಿರುವುದಿಲ್ಲ, ಗಟಾರ ಕಟ್ಟಿರುವುದಿಲ್ಲ. ಹೆಚ್ಚಿನ ಮನೆಗಳಲ್ಲಿ ನಾನು ಮಾಡುವ ರಿಪೇರಿ ಒಂದೇ: ಚರಿಗೆ ತುಂಬ ನೀರು ತಂದು ಬಚ್ಚಲ ಜಾಲಿಯ ಮೇಲೆ ಸುರಿಯುವುದು. ಹತ್ತು ನಿಮಿಷದಲ್ಲಿ ನಾತ ಹೋಗುತ್ತದೆ. ಅದಕ್ಕೆ ಕೂಲಿ ಕೇಳಲು ನನಗೂ ಸಂಕೋಚ, ಕೊಡಲು ಅವರಿಗೂ ಮನಸ್ಸಿಲ್ಲ.

ನಾನು ದೇವದುರ್ಗ ತಾಲ್ಲೂಕಿನ ಗಬ್ಬೂರಿನವನು. ಐಟಿಐನಲ್ಲಿ ಪ್ಲಂಬರ್ ಕೆಲಸ ಕಲಿತು, ರಾಯಚೂರಿನಲ್ಲಿ ಒಬ್ಬ ಉಸ್ತಾದರ ಕೈಕೆಳಗೆ ಪಳಗಿ, ಬೀಡಿನ ಪೈಪಿನ ಕಾಲದಿಂದ ಪಿವಿಸಿ ಕಾಲದವರೆಗೆ ಇದರಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಮನೆ ಕಟ್ಟಿಸುವವರು ನಳ ಯಾವ ಕಂಪನಿಯದು ಎಂದು ಕೇಳುತ್ತಾರೆ, ಟಾಕಿ ಎಷ್ಟು ಲೀಟರಿನದು ಎಂದು ಕೇಳುತ್ತಾರೆ, ಟೈಲ್ಸಿನ ಬಣ್ಣಕ್ಕಾಗಿ ಗಂಡ ಹೆಂಡತಿ ವಾರಗಟ್ಟಲೆ ಮುನಿಸಿಕೊಂಡಿರುತ್ತಾರೆ. ಆ ಟೈಲ್ಸಿನ ಕೆಳಗೆ ಹೂತುಹೋಗುವ ಡೊಂಕು ತುಂಡಿನ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಅದು ಎಲ್ಲಿಂದ ಬಂತು, ನಮ್ಮ ಊರಿಗೆ ಹೇಗೆ ಬಂತು, ಬಂದ ಮೇಲೆ ಏನಾಯಿತು ಎಂಬುದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ.

ಮೊದಲು ಆ ತುಂಡಿನ ಗುರುತು. ಅಂಗಡಿಯಲ್ಲಿ ಅದಕ್ಕೆ ಟ್ರ್ಯಾಪ್ ಎನ್ನುತ್ತಾರೆ. ಬಚ್ಚಲಿಗೆ ನಾಣಿ ಟ್ರ್ಯಾಪ್, ಸಂಡಾಸಿಗೆ ಪಿ ಟ್ರ್ಯಾಪ್ ಇಲ್ಲವೆ ಎಸ್ ಟ್ರ್ಯಾಪ್, ವಾಶ್ ಬೇಸಿನ್ನಿಗೆ ಬಾಟಲ್ ಟ್ರ್ಯಾಪ್, ಮನೆಯ ನೀರು ಹೊರಗಿನ ಚೇಂಬರಿಗೆ ಸೇರುವ ಮುಂಚೆ ಗಲ್ಲಿ ಟ್ರ್ಯಾಪ್. ರೂಪ ಬೇರೆ ಬೇರೆ, ಯುಕ್ತಿ ಒಂದೇ. ಹರಿದುಹೋಗುವ ನೀರಿನ ದಾರಿಯನ್ನು ಒಂದು ಕಡೆ ಕೆಳಕ್ಕೆ ಬಗ್ಗಿಸಿ ಮತ್ತೆ ಮೇಲಕ್ಕೆ ತರುವುದು. ಕೊನೆಗೆ ಬಂದ ನೀರು ಆ ಬಗ್ಗಿನಲ್ಲಿ ನಿಂತುಬಿಡುತ್ತದೆ. ಮತ್ತೆ ನೀರು ಬಿಟ್ಟಾಗ ಹಳೆಯದು ಹೋಗಿ ಹೊಸದು ನಿಲ್ಲುತ್ತದೆ. ಗಟಾರದ ಗಾಳಿ ಈ ನೀರನ್ನು ದಾಟಿ ಮನೆಯೊಳಗೆ ಬರಲಾರದು. ಜಿರಳೆಗೂ ಸೊಳ್ಳೆಗೂ ದಾರಿ ಕಟ್ಟಾಗುತ್ತದೆ. ಇಲಿ ಮಾತ್ರ ಈಜಿಕೊಂಡು ಬರಬಲ್ಲದು, ಅದಕ್ಕೆ ಮೇಲೆ ಗಟ್ಟಿ ಜಾಲಿ ಬೇಕು. ನಗರದ ಮನೆಗಳಲ್ಲಿ ಈ ನೀರಿನ ಆಳ 50 ಮಿಲಿಮೀಟರ್, ಅಂದರೆ ಸುಮಾರು ಎರಡು ಇಂಚು. ಮೋಟಾರಿಲ್ಲ, ಸ್ಪ್ರಿಂಗಿಲ್ಲ, ಬಾಗಿಲಿಲ್ಲ. ಇಡೀ ಊರಿನ ಗಟಾರಕ್ಕೂ ನಮ್ಮ ಮೂಗಿಗೂ ನಡುವೆ ನಿಂತಿರುವುದು ಎರಡು ಇಂಚು ನೀರು.

ನಮ್ಮಜ್ಜನ ಮನೆಯಲ್ಲಿ ಇದು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಗಬ್ಬೂರಿನ ಹಳೆಯ ಮಾಳಿಗೆ ಮನೆಗಳನ್ನು ನೋಡಿದವರಿಗೆ ಇದು ಗೊತ್ತು. ಹಿತ್ತಲ ಕಡೆಯ ಮೂಲೆಯಲ್ಲಿ ನೀರು ಕಾಯಿಸುವ ಹಂಡೆ, ಅದರ ಪಕ್ಕದಲ್ಲಿ ಶಹಾಬಾದ್ ಫರಸಿ ಹಾಕಿದ ಬಚ್ಚಲು. ಫರಸಿಯ ಇಳಿಜಾರು ಮುಗಿಯುವ ಕಡೆ ಗೋಡೆಯ ಬುಡದಲ್ಲಿ ಅಂಗೈ ಅಗಲದ ಕಿಂಡಿ. ನೀರು ಆ ಕಿಂಡಿಯಿಂದ ಹೊರಗೆ ಬಿದ್ದು ಬಚ್ಚಲ ಗುಂಡಿಗೆ ಹೋಗುತ್ತಿತ್ತು. ಗುಂಡಿಯ ಸುತ್ತ ಬಾಳೆಗಿಡವೋ ನುಗ್ಗೆಯೋ ತೊಂಡೆ ಬಳ್ಳಿಯೋ ಇರುತ್ತಿತ್ತು. ಮಿಕ್ಕದ್ದನ್ನು ಬಿಸಿಲು ನೋಡಿಕೊಳ್ಳುತ್ತಿತ್ತು. ಬಚ್ಚಲ ನೀರಿನ ಜೊತೆ ಸಂಡಾಸದ ನೀರು ಸೇರುವ ಮಾತೇ ಇರಲಿಲ್ಲ, ಏಕೆಂದರೆ ಮನೆಯಲ್ಲಿ ಸಂಡಾಸವೇ ಇರಲಿಲ್ಲ, ಎಲ್ಲರೂ ಬಯಲಿಗೇ ಹೋಗುತ್ತಿದ್ದರು. ಮುಚ್ಚಿದ ಪೈಪಿಲ್ಲದ ಮೇಲೆ ಅದರಲ್ಲಿ ಗಾಳಿ ಕೊಳೆತು ಒತ್ತರಿಸಿ ಬರುವ ಪ್ರಶ್ನೆಯೂ ಇಲ್ಲ.

ಹಾಗೆಂದು ಹಳೆಯ ಕಾಲವೇ ಚೆಂದವಿತ್ತು ಎಂದು ನಾನು ಹೇಳಲಾರೆ. ಆ ಕಿಂಡಿಗೆ ಬೇರೆ ಭಯವಿತ್ತು. ಯರೆ ಭೂಮಿಯ ನಮ್ಮ ಸೀಮೆಯಲ್ಲಿ ಹಾವು, ಚೇಳು ಎರಡಕ್ಕೂ ಬರವಿಲ್ಲ. ತಂಪು ಹುಡುಕಿಕೊಂಡು ಅವು ಬರುವುದು ಬಚ್ಚಲಿಗೇ. ಅದಕ್ಕೆ ರಾತ್ರಿ ಮಲಗುವ ಮುಂಚೆ ಹಳೇ ಸೀರೆಯ ಅರಿವಿಯನ್ನು ಉಂಡೆ ಮಾಡಿ ಆ ಕಿಂಡಿಗೆ ಗಿಡಿಯುವುದು ಮನೆಯ ಹೆಂಗಸರ ಕೆಲಸ. ಬೆಳಿಗ್ಗೆ ಅದನ್ನು ಕೈಯಿಂದ ತೆಗೆಯುವಂತಿಲ್ಲ, ಕಟ್ಟಿಗೆಯಿಂದ ಎಳೆಯಬೇಕು. ‘ಕೈ ಹಾಕಬ್ಯಾಡೋ ತಮ್ಮಾ, ಚೇಳು ಕುಂತಿರ್ತಾವ’ ಎಂದು ನಮ್ಮಮ್ಮ ದಿನಾ ಹೇಳುತ್ತಿದ್ದಳು. ನನ್ನ ಲೆಕ್ಕದಲ್ಲಿ ಗಬ್ಬೂರಿನ ಮೊದಲ ಟ್ರ್ಯಾಪ್ ಎಂದರೆ ಆ ಅರಿವಿ ಉಂಡೆಯೇ. ಅದನ್ನು ದಿನಕ್ಕೆ ಎರಡು ಸಲ ನೆನಪಿಟ್ಟು ಹಾಕಿ ತೆಗೆಯುವ ಮನುಷ್ಯರಿದ್ದರೆ ಮಾತ್ರ ಅದು ಕೆಲಸ ಮಾಡುತ್ತಿತ್ತು.

ಬಳಸಿದ ನೀರನ್ನು ಹೊರಗೆ ಕಳಿಸುವುದರ ಬಗ್ಗೆ ನಮ್ಮ ಹಿರಿಯರು ಯೋಚಿಸಿರಲಿಲ್ಲ ಎನ್ನುವವರು ಗಬ್ಬೂರಿಗೆ ಬರಬೇಕು. ಇದು ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳ, ಶಾಸನಗಳ ಊರು. ಯಾವುದೇ ಹಳೆಯ ಶಿವಾಲಯದ ಗರ್ಭಗುಡಿಯನ್ನು ನೋಡಿ, ಅಭಿಷೇಕದ ನೀರು ಲಿಂಗದ ಪೀಠದಿಂದ ಇಳಿದು ಗೋಡೆ ದಾಟಿ ಪನಾಳದಿಂದ ಹೊರಗೆ ಬೀಳುತ್ತದೆ. ಪನಾಳದ ಕಲ್ಲು ಗೋಡೆಯಿಂದ ಅಷ್ಟು ದೂರ ಮುಂದಕ್ಕೆ ಚಾಚಿರುವುದು ಅಲಂಕಾರಕ್ಕೆ ಮಾತ್ರವಲ್ಲ, ನೀರು ಅಡಿಪಾಯಕ್ಕೆ ಇಳಿಯದಿರಲಿ ಎಂದು. ಶಿವನ ಗುಡಿಯಲ್ಲಿ ಪ್ರದಕ್ಷಿಣೆ ಹಾಕುವವರು ಆ ನೀರಿನ ದಾರಿಯನ್ನು ದಾಟುವುದಿಲ್ಲ, ಅಲ್ಲಿಂದ ಹಿಂದಕ್ಕೆ ತಿರುಗುತ್ತಾರೆ. ಅದರ ಹಿಂದಿನ ಶಾಸ್ತ್ರ ಪಂಡಿತರಿಗೆ ಬಿಟ್ಟದ್ದು. ನನ್ನ ಕಸುಬಿನ ಕಣ್ಣಿಗೆ ಕಾಣುವುದು ಇಷ್ಟು: ಕಟ್ಟಡ ಕಟ್ಟುವಾಗಲೇ ನೀರು ಹೊರಗೆ ಹೋಗುವ ಜಾಗ ಗೊತ್ತಾಗಿರುತ್ತಿತ್ತು, ಅದು ಎಲ್ಲರ ಕಣ್ಣಿಗೂ ಕಾಣುವಂತಿತ್ತು.

ನೀರನ್ನು ಪೈಪಿನಲ್ಲಿ ತರುವ ವಿದ್ಯೆಯೂ ನಮ್ಮ ಸೀಮೆಗೆ ಹೊಸದಲ್ಲ. ರಾಯಚೂರನ್ನು ಆಳಿದ ಆದಿಲ್‌ಶಾಹಿಗಳು ತಮ್ಮ ರಾಜಧಾನಿ ವಿಜಯಪುರಕ್ಕೆ ತೊರವಿಯ ಕಡೆಯಿಂದ ಸುರಂಗದಲ್ಲಿ ನೀರು ತಂದರು. ಮಹಮ್ಮದ್ ಆದಿಲ್ ಶಾಹ 1651ರಲ್ಲಿ ಬೇಗಂ ತಲಾಬ್ ಕಟ್ಟಿಸಿ, ಗಚ್ಚಿನೊಳಗೆ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ಹರಿಸಿದ. ಆ ಸಾಲಿನ ನಡುನಡುವೆ ಗಂಜ್ ಎಂದು ಕರೆಯುವ ಎತ್ತರದ ಕಲ್ಲುಗೋಪುರಗಳು ಇಂದಿಗೂ ನಿಂತಿವೆ. ನೀರು ಗೋಪುರದೊಳಗೆ ಏರಿ ಮತ್ತೆ ಇಳಿದು ಮುಂದಕ್ಕೆ ಹೋಗುತ್ತಿತ್ತು. ಕೊಳವೆಯ ಒತ್ತಡ ಅಲ್ಲಿ ತಗ್ಗುತ್ತಿತ್ತು, ಸಿಕ್ಕಿಕೊಂಡ ಗಾಳಿ ಹೊರಬೀಳುತ್ತಿತ್ತು, ಕೆಸರು ತಳದಲ್ಲಿ ಕೂರುತ್ತಿತ್ತು. ಪೈಪಿನಲ್ಲಿ ನೀರಿನಷ್ಟೇ ಗಾಳಿಯೂ ಮುಖ್ಯ ಎಂಬುದು ಆ ಗಾರೆ ಕೆಲಸದವರಿಗೆ ತಿಳಿದಿತ್ತು. ಈಗಿನ ಮನೆಮಾಲಿಕರಿಗೆ ಇದನ್ನು ಒಪ್ಪಿಸಲು ನನ್ನ ಗಂಟಲು ಒಣಗುತ್ತದೆ, ಆ ಕಥೆ ಮುಂದೆ ಬರುತ್ತದೆ. ಒಟ್ಟಿನಲ್ಲಿ, ನೀರು ತರುವುದಕ್ಕೆ ನಮ್ಮವರು ಸುರಂಗ ತೋಡಿದರು, ಗೋಪುರ ಕಟ್ಟಿದರು. ಕೊಳೆನೀರಿಗೆ ಮಾತ್ರ ಇಳಿಜಾರನ್ನೂ ಬಿಸಿಲನ್ನೂ ನಂಬಿದರು. ಬಯಲು ಸೀಮೆಯಲ್ಲಿ ಬಹುಕಾಲ ಅಷ್ಟು ಸಾಕಾಯಿತು.

ಸಾಕಾಗದೆ ಹೋದದ್ದು ಲಂಡನ್ನಿನಂಥ ಊರಿಗೆ. ಅಲ್ಲಿ ಬಿಸಿಲು ಕಡಿಮೆ, ಮನೆಗೆ ಮನೆ ಅಂಟಿಕೊಂಡಿತ್ತು, ಸಂಡಾಸ ಮನೆಯೊಳಗೇ ಬಂದಿತ್ತು. ಮನೆಯ ಪೈಪು ನೇರ ಕೊಳೆಗುಂಡಿಗೆ ಇಳಿಯುತ್ತಿದ್ದುದರಿಂದ ಗುಂಡಿಯ ಗಾಳಿ ಅದೇ ಪೈಪು ಹತ್ತಿ ಮಲಗುವ ಕೋಣೆಗೆ ಬರುತ್ತಿತ್ತು. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬಾತ ಸಂಡಾಸದ ಬಟ್ಟಲಿನ ಕೆಳಗೆ ಎಸ್ ಆಕಾರದಲ್ಲಿ ಬಗ್ಗಿದ ಪೈಪು ಕೂರಿಸಿ ಪೇಟೆಂಟ್ ಪಡೆದ. ಕಸುಬಿನಲ್ಲಿ ಆತ ಗಡಿಯಾರ ಮಾಡುವವನು. ಮೂರನೇ ಜಾರ್ಜ್ ದೊರೆಗೆ ಗಡಿಯಾರ ಮಾಡಿಕೊಟ್ಟವನು. ಸಾವಿರ ಹಲ್ಲುಗಳ ಚಕ್ರ ಕೂರಿಸಬಲ್ಲ ಮನುಷ್ಯ ಈ ಕೆಲಸಕ್ಕೆ ಒಂದು ಚಕ್ರವನ್ನೂ ಬಳಸದೆ ನೀರನ್ನು ನಿಲ್ಲಿಸಿದ್ದು ನನಗೆ ಬಹಳ ಹಿಡಿಸಿದ ಸಂಗತಿ. ಅವನೂ ಬಟ್ಟಲಿನ ಬುಡಕ್ಕೆ ಒಂದು ಜಾರು ಬಾಗಿಲು ಇಟ್ಟಿದ್ದ. ಮೂರು ವರ್ಷದ ಮೇಲೆ, 1778ರಲ್ಲಿ, ಜೋಸೆಫ್ ಬ್ರಾಮಾ ಆ ಬಾಗಿಲನ್ನು ತಿದ್ದಿ ತಿರುಗಣಿಯ ಮುಚ್ಚಳ ಮಾಡಿದ. ಕಾಲ ಕಳೆದಂತೆ ಮುಚ್ಚಳಗಳೆಲ್ಲ ತುಕ್ಕು ಹಿಡಿದು ಮೂಲೆಗೆ ಹೋದವು. ಉಳಿದದ್ದು ಬಗ್ಗಿದ ಪೈಪು.

ಆ ಪೈಪು ಎಲ್ಲ ಮನೆಗಳಿಗೂ ಹರಡಿದ್ದು ಇನ್ನೊಂದು ಶತಮಾನದ ಮೇಲೆ, ಅದೂ ಭಯದಿಂದ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ನಾರಿ, ಪಾರ್ಲಿಮೆಂಟಿನ ಪರದೆಗಳಿಗೆ ಸುಣ್ಣದ ಕ್ಲೋರೈಡು ಅದ್ದಿ ಕಟ್ಟಬೇಕಾಯಿತು. ಆಮೇಲೆ ಜೋಸೆಫ್ ಬಜಲ್ಗೆಟ್ ಎಂಬ ಎಂಜಿನಿಯರು ಊರಿನ ಕೆಳಗೆ ದೊಡ್ಡ ಒಳಚರಂಡಿಗಳನ್ನು ಕಟ್ಟಿದ. 1871ರಲ್ಲಿ ಇಂಗ್ಲೆಂಡಿನ ಯುವರಾಜ ಒಬ್ಬ ಶ್ರೀಮಂತನ ಬಂಗಲೆಯಲ್ಲಿ ಉಳಿದು ಬಂದು ಟೈಫಾಯ್ಡಿನಿಂದ ಸಾಯುವ ಸ್ಥಿತಿಗೆ ತಲುಪಿದಾಗ ಆ ಬಂಗಲೆಯ ಗಟಾರದ ಮೇಲೇ ಎಲ್ಲರ ಅನುಮಾನ. ನಾತವೇ ರೋಗ, ಕೆಟ್ಟ ಗಾಳಿ ಮೂಗಿಗೆ ಹೋದರೆ ಜ್ವರ ಬರುತ್ತದೆ ಎಂದು ಆಗಿನ ದೊಡ್ಡ ದೊಡ್ಡ ವೈದ್ಯರೇ ನಂಬಿದ್ದರು. ಕಾಲರಾ ಕುಡಿಯುವ ನೀರಿನಿಂದ ಬರುತ್ತದೆ ಎಂದು ಜಾನ್ ಸ್ನೋ 1854ರಲ್ಲೇ ಲಂಡನ್ನಿನ ಒಂದು ಕೈಪಂಪಿನ ಸುತ್ತ ಸತ್ತವರ ಲೆಕ್ಕ ಹಾಕಿ ತೋರಿಸಿದ್ದ, ಕೇಳಿದವರು ಕಡಿಮೆ. ಹೀಗೆ ತಪ್ಪು ನಂಬಿಕೆಯಿಂದ ಒಳ್ಳೆಯ ಸಾಮಾನೊಂದು ಮನೆಮನೆಗೆ ಬಂತು.

ನಮ್ಮ ಕಡೆ ಬರಲು ತಡವಾಯಿತು. ರಾಯಚೂರು ಆಗ ನಿಜಾಮರ ಸಂಸ್ಥಾನದಲ್ಲಿತ್ತು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತ ಮೇಲೆ ನಿಜಾಮರು ಕರೆಸಿದ್ದು ಎಂ. ವಿಶ್ವೇಶ್ವರಯ್ಯನವರನ್ನು. ಅವರು ಪ್ರವಾಹ ತಡೆಯುವ ಕೆರೆಗಳ ಜೊತೆಗೆ ಊರಿಗೆ ಒಳಚರಂಡಿಯ ಯೋಜನೆಯನ್ನೂ ಹಾಕಿಕೊಟ್ಟರು. 1920ರ ಹೊತ್ತಿಗೆ ಉಸ್ಮಾನ್ ಸಾಗರ ತಲೆಯೆತ್ತಿತು. ರಾಜಧಾನಿಯ ಬಂಗಲೆಗಳಿಗೆ ನೀರಿನ ಕಾವಲು ಬಂದದ್ದು ಹಾಗೆ. ನಮ್ಮಂಥ ಹಳ್ಳಿಗಳಿಗೆ ಬಂದದ್ದು ಏನೂ ಇಲ್ಲ. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿದು, 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಗಬ್ಬೂರಿನ ಬಚ್ಚಲು ಅರಿವಿ ಉಂಡೆಯ ಮೇಲೇ ನಿಂತಿತ್ತು.

ಈ ಚರಿತ್ರೆಯಲ್ಲಿ ಬರೆಯಲು ಕೈ ನಡುಗುವ ಒಂದು ಭಾಗವಿದೆ. ಪೇಟೆಗಳ ಹಳೆಯ ಓಣಿಗಳಲ್ಲಿ ಒಣ ಪಾಯಖಾನೆಗಳಿದ್ದವು. ಮನೆಯ ಹಿಂದೆ ಸಣ್ಣ ಬಾಗಿಲು, ಅದರ ಹಿಂದೆ ಸಂದಿ. ಮುಂಜಾನೆ ಬುಟ್ಟಿ ಹೊತ್ತು ಬರುವವರು ಒಂದೇ ಜಾತಿಯ ಜನ. ಮಾಲಿಕರ ಮೂಗಿಗೆ ನಾತ ತಾಕದಂತೆ ತಡೆಯುತ್ತಿದ್ದುದು ಯಾವ ಸಾಮಾನೂ ಅಲ್ಲ, ಆ ಮನುಷ್ಯರ ತಲೆ. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟಾಗ ಸಿಟ್ಟಾದವರು ಕಡಿಮೆಯಿರಲಿಲ್ಲ. ಅದರ ವಿರುದ್ಧ ಕೇಂದ್ರದ ಕಾಯ್ದೆ ಬರಲು 1993ರವರೆಗೆ ಕಾಯಬೇಕಾಯಿತು. 2013ರಲ್ಲಿ ಇನ್ನೂ ಬಿಗಿಯಾದ ಕಾಯ್ದೆ ಬಂತು. ನಡುವೆ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದ್ದನ್ನು ಕರ್ನಾಟಕ ಮರೆಯಬಾರದು.

ಕಾಯ್ದೆಯ ಜೊತೆಗೆ ಸಾಮಾನೂ ಬೇಕಿತ್ತು. ಬುಟ್ಟಿ ಬೇಡವೆಂದರೆ ಸಂಡಾಸ ತಾನೇ ತೊಳೆದುಕೊಳ್ಳಬೇಕು, ನಾತ ಬಾರದೆ ಮನೆಯ ಹತ್ತಿರ ಇರಬೇಕು, ಅದಕ್ಕೆ ತೊಟ್ಟಿಗಟ್ಟಲೆ ನೀರು ಬೇಡಬಾರದು. 1970ರಲ್ಲಿ ಬಿಂದೇಶ್ವರ ಪಾಠಕ್ ಸುಲಭ್ ಸಂಸ್ಥೆ ಕಟ್ಟಿ ಹರಡಿದ ಎರಡು ಗುಂಡಿಯ ಸಂಡಾಸದ ಗುಟ್ಟು ಇಲ್ಲೇ ಇದೆ. ಅದರ ಬೇಸಿನ್ನಿನ ಇಳಿಜಾರು ಕಡಿದು, ಟ್ರ್ಯಾಪಿನಲ್ಲಿ ನಿಲ್ಲುವ ನೀರು 20 ಮಿಲಿಮೀಟರ್ ಮಾತ್ರ. ಒಂದೂವರೆ ಎರಡು ಲೀಟರ್ ಸುರಿದರೆ ಎಲ್ಲ ಹೋಗುತ್ತದೆ. ಕೊಡ ಹೊತ್ತು ದೂರದಿಂದ ನೀರು ತರುವ ಮನೆಗೆ ಇದಕ್ಕಿಂತ ಉಪಕಾರ ಬೇರೆ ಇಲ್ಲ. 2014ರ ಸ್ವಚ್ಛ ಭಾರತ ಅಭಿಯಾನದ ಮೇಲೆ ಗಬ್ಬೂರಿನ ಸುತ್ತ ಎದ್ದ ಸಂಡಾಸಗಳಲ್ಲಿ ನಾನು ಕೂರಿಸಿದ್ದು ಹೆಚ್ಚಾಗಿ ಇಂಥವೇ. 20 ಮಿಲಿಮೀಟರ್ ಎಂಬ ಈ ಅಂಕಿಯನ್ನು ನೆನಪಿಡಿ.

ಅಷ್ಟರಲ್ಲಿ ರಾಯಚೂರು ಪೇಟೆಯಲ್ಲಿ ನಮ್ಮ ಕಸುಬೇ ಬದಲಾಗಿತ್ತು. ನಾನು ಕಲಿಯುವಾಗ ಬೀಡಿನ ಪೈಪು, ಹೊರಗೆ ಚೀನಿ ಮಣ್ಣಿನಂತೆ ಹೊಳೆಯುವ ಸ್ಟೋನ್‌ವೇರ್ ಪೈಪು. ಬೀಡಿನ ಪೈಪಿನ ಜಾಯಿಂಟಿಗೆ ಸೆಣಬು ಗಿಡಿದು ಸೀಸ ಕಾಯಿಸಿ ಸುರಿಯಬೇಕು. ಒಂದು ಹನಿ ನೀರು ಉಳಿದಿದ್ದರೂ ಸೀಸ ಸಿಡಿಯುತ್ತದೆ. ಉಸ್ತಾದರು ಒಂದು ಮನೆಯ ಕೆಲಸ ಮುಗಿಸಿದ ಮೇಲೆ ಕೂಡಲೇ ದುಡ್ಡು ಕೇಳುತ್ತಿರಲಿಲ್ಲ. ಊದುಬತ್ತಿ ಹಚ್ಚಿ ಪ್ರತಿ ಜಾಲಿಯ ಮೇಲೂ ಹಿಡಿಯುತ್ತಿದ್ದರು. ಹೊಗೆ ನೆಟ್ಟಗೆ ಏರಿದರೆ ಸೈ. ಜಾಲಿಯ ಕಡೆಯಿಂದ ತಳ್ಳಿದಂತೆ ಅಲ್ಲಾಡಿದರೆ ‘ಪಾನಿ ನಹೀ ಪಕಡಾ, ಬಿಚ್ಚು’ ಎನ್ನುತ್ತಿದ್ದರು. ಪಿವಿಸಿ ಬಂದ ಮೇಲೆ ಸೀಸ ಹೋಯಿತು, ಸಲ್ಯೂಷನ್ ಡಬ್ಬಿ ಬಂತು. ಕೆಲಸ ಹಗುರಾಯಿತು. ಒಂದು ಮನೆಯ ಪೈಪು ಎರಡು ದಿನದಲ್ಲಿ ಮುಗಿಯುವಂತಾಯಿತು. ಊದುಬತ್ತಿ ಹಿಡಿಯುವವರು ಇಲ್ಲವಾದರು.

ಸಾಮಾನು ಅದೇ ಇದ್ದರೂ ಅದರಲ್ಲಿ ನಿಂತ ನೀರು ಏಕೆ ಹೋಗುತ್ತದೆ? ಕಾರಣ ಹಲವು. ಮೇಲಿನ ಮಹಡಿಯಿಂದ ಬಕೆಟ್ ನೀರು ಒಮ್ಮೆಗೇ ಧುಮುಕಿದರೆ ಅದರ ಹಿಂದೆ ಪೈಪಿನಲ್ಲಿ ಗಾಳಿ ತೆಳುವಾಗಿ, ಕೆಳಗಿನ ಮನೆಯ ಟ್ರ್ಯಾಪಿನ ನೀರನ್ನು ಎಳೆದುಕೊಂಡು ಹೋಗುತ್ತದೆ. ಸಿಂಕಿನಲ್ಲಿ ಗುಡುಗುಡು ಸದ್ದು ಬರುವುದು ಆಗಲೇ. ಅದನ್ನು ತಪ್ಪಿಸಲು ಮಾಳಿಗೆಯ ಮೇಲಿನವರೆಗೆ ಹವಾ ಪೈಪು ಬೇಕು. ಇದೇ ನಾನು ಮುಂಚೆ ಹೇಳಿದ ಗಂಟಲು ಒಣಗುವ ಕಥೆ. ‘ನೀರೇ ಹೋಗದ ಪೈಪಿಗೆ ರೊಕ್ಕ ಯಾಕ ಕೊಡಬೇಕು?’ ಎನ್ನುತ್ತಾರೆ ಮಾಲಿಕರು. ವಿಜಯಪುರದ ಗಂಜ್ ನೋಡಿ ಬನ್ನಿ ಎನ್ನುತ್ತೇನೆ, ನಗುತ್ತಾರೆ. ಇನ್ನೊಂದು ಕಳ್ಳ ಕಾರಣ ಕೂದಲು. ತಲೆ ತೊಳೆದ ನೀರಿನಲ್ಲಿ ಹೋದ ಕೂದಲಿನ ಎಳೆ, ನೆಲ ಒರೆಸಿದ ಅರಿವಿಯ ನೂಲು ಟ್ರ್ಯಾಪಿನ ಅಂಚಿನ ಮೇಲೆ ಜೋತುಬಿದ್ದರೆ, ಬತ್ತಿ ಎಣ್ಣೆ ಏರಿಸಿದಂತೆ ನೀರನ್ನು ಏರಿಸಿ ಆಚೆ ಕಡೆ ಹನಿಸುತ್ತದೆ. ಹಳ್ಳಿಯಲ್ಲಿ ಮತ್ತೊಂದು ತೊಂದರೆ ಬೂದಿ. ಪಾತ್ರೆ ತಿಕ್ಕಿದ ಬೂದಿ ಟ್ರ್ಯಾಪಿನ ತಳದಲ್ಲಿ ಕೂತು ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ‘ಕಟ್ಟಿಕೊಂತದ’ ಎಂದು ಬೇಸತ್ತ ಮನೆಯವರು ಟ್ರ್ಯಾಪನ್ನೇ ಕಿತ್ತು ನೇರ ಪೈಪು ಹಾಕಿಸಿಕೊಂಡ ಉದಾಹರಣೆಗಳು ನಮ್ಮೂರಲ್ಲೇ ಇವೆ. ನೀರು ಸರಾಗ ಹೋಗುತ್ತದೆ, ಜಿರಳೆ ಸರಾಗ ಬರುತ್ತದೆ.

ಎಲ್ಲಕ್ಕಿಂತ ದೊಡ್ಡ ಕಾರಣ ಮಾತ್ರ ಬಿಸಿಲು. ನೀರು ಆರಿಹೋಗುತ್ತದೆ, ಅಷ್ಟೆ. ಇದು ಬರೀ ನಾತದ ಮಾತಲ್ಲ ಎಂಬುದು ಜಗತ್ತಿಗೆ ಗೊತ್ತಾದದ್ದು 2003ರಲ್ಲಿ. ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ ಸಾರ್ಸ್ ರೋಗ ಮಾರ್ಚ್‌ನಿಂದ ಏಪ್ರಿಲ್ ಮಧ್ಯದೊಳಗೆ 321 ಜನರಿಗೆ ಹರಡಿತು. ತನಿಖೆ ಮಾಡಿದವರು ಬಂದು ನಿಂತದ್ದು ಬಚ್ಚಲಿನ ಜಾಲಿಯ ಮುಂದೆ. ಅಲ್ಲಿಯ ಜನ ಬಚ್ಚಲ ನೆಲಕ್ಕೆ ನೀರು ಸುರಿಯದೆ ಒರೆಸಿಕೊಳ್ಳುತ್ತಿದ್ದರು. ನೆಲದ ಟ್ರ್ಯಾಪುಗಳು ಒಣಗಿದ್ದವು. ಫ್ಯಾನು ಹಾಕಿದಾಗ ಹೊರಗೆಳೆದ ಗಾಳಿಯ ಜಾಗಕ್ಕೆ ಒಣಗಿದ ಟ್ರ್ಯಾಪಿನ ಮೂಲಕ ಸಂಡಾಸದ ಪೈಪಿನ ಗಾಳಿ ಬರುತ್ತಿತ್ತು. ಒಂದು ಮನೆಯ ರೋಗಿಯ ಮಲದಲ್ಲಿದ್ದ ವೈರಸ್ಸು ಹಾಗೆ ಮಹಡಿಗಳನ್ನು ಹತ್ತಿತು. ನಾತವೇ ರೋಗವಲ್ಲ ಎಂಬುದು ನಿಜ, ಆದರೆ ನಾತ ಬರುವ ದಾರಿಯಲ್ಲಿ ರೋಗವೂ ಬರಬಲ್ಲದು.

ನಮ್ಮಲ್ಲಿ ಚರಿಗೆಯಿಂದ ಮೈಮೇಲೆ ನೀರು ಸುರಿದುಕೊಳ್ಳುವ, ಹೊರಗಿನಿಂದ ಬಂದವರು ಬಚ್ಚಲಿಗೆ ಹೋಗಿ ಕಾಲು ತೊಳೆಯುವ ರೂಢಿ ಇರುವವರೆಗೆ ಟ್ರ್ಯಾಪು ತಾನಾಗಿ ತುಂಬಿರುತ್ತದೆ. ಈಗ ರಾಯಚೂರಿನ ಹೊಸ ಮನೆಗಳಲ್ಲಿ ‘ಡ್ರೈ ಬಾತ್‌ರೂಮ್’ ಬೇಕೆನ್ನುತ್ತಾರೆ. ಗಾಜಿನ ಗೋಡೆಯ ಆಚೆ ಸ್ನಾನ, ಈಚೆ ನೆಲಕ್ಕೆ ಹನಿ ನೀರು ಬೀಳಬಾರದು. ಆದರೆ ಈಚೆಗೂ ಒಂದು ಜಾಲಿ ಇರುತ್ತದೆ. ನನ್ನ ಏಪ್ರಿಲ್ ಕರೆಗಳು ಹೆಚ್ಚಾಗಿ ಆ ಜಾಲಿಯಿಂದಲೇ ಬರುತ್ತವೆ. ನೀರೇ ಬೇಡದ, ರಬ್ಬರಿನ ತುಟಿಯಂಥ ಹೊಸ ವಾಲ್ವುಗಳೂ ಬಂದಿವೆ. ನೀರು ಬಂದಾಗ ತೆರೆದು ಆಮೇಲೆ ಮುಚ್ಚಿಕೊಳ್ಳುತ್ತವೆ. ಇಂಥ ಕಡೆಗೆ ಅವು ಒಳ್ಳೆಯವೇ. ಒಂದು ಎಳೆ ಕೂದಲು ತುಟಿಯ ನಡುವೆ ಸಿಕ್ಕರೆ ಮಾತ್ರ ಬಾಯಿ ಮುಚ್ಚುವುದಿಲ್ಲ, ತೊಳೆಯುತ್ತಿರಬೇಕು.

ಗಾಳಿ ಹಿಂದಕ್ಕೆ ಬರುವುದು ಒಂದಾದರೆ ನೀರೇ ಹಿಂದಕ್ಕೆ ಬರುವುದು ಇನ್ನೊಂದು. 2009ರ ಅಕ್ಟೋಬರ್ ಮೊದಲಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯ ಮುಳುಗಿದ ವಾರವನ್ನು ಈ ಸೀಮೆಯವರು ಮರೆತಿಲ್ಲ. ಅಂಥ ಮಳೆಯಲ್ಲಿ ತಗ್ಗಿನ ಮನೆಗಳಿಗೆ ನೀರು ಮೊದಲು ಬರುವುದು ಬಾಗಿಲಿನಿಂದಲ್ಲ, ಸಂಡಾಸದಿಂದ. ಹೊರಗಿನ ಚೇಂಬರು ತುಂಬಿದರೆ ಎರಡು ಇಂಚು ನೀರು ಏನನ್ನೂ ತಡೆಯಲಾರದು. ಅಲ್ಲಿ ಒಂದೇ ಕಡೆ ತೆರೆಯುವ ವಾಲ್ವು, ಅಂದರೆ ಎನ್‌ಆರ್‌ವಿ ಬೇಕು, ಅದೂ ವರ್ಷಕ್ಕೊಮ್ಮೆಯಾದರೂ ಬಿಚ್ಚಿ ತೊಳೆಯಲು ಬರುವಂಥ ಜಾಗದಲ್ಲಿ. ಕುಡಿಯುವ ನೀರಿನ ಪೈಪಿನಲ್ಲಿ ಹೀಗಾದರೆ ಜೀವವೇ ಹೋಗುತ್ತದೆ. 1933ರಲ್ಲಿ ಶಿಕಾಗೋದ ವಿಶ್ವಮೇಳಕ್ಕೆ ಬಂದವರು ಉಳಿದಿದ್ದ ಹೋಟೆಲುಗಳಲ್ಲಿ ಕೊಳೆನೀರು ಕುಡಿಯುವ ನೀರಿಗೆ ಸೇರಿ ಆಮಶಂಕೆಯಿಂದ 98 ಜನ ಸತ್ತರು. 2022ರ ಮೇ ಕೊನೆ, ಜೂನ್ ಮೊದಲಲ್ಲಿ ರಾಯಚೂರಿನಲ್ಲೇ ಕಲುಷಿತ ನೀರು ಕುಡಿದು ಜನ ಆಸ್ಪತ್ರೆ ಸೇರಿದರು, ಜೀವಗಳು ಹೋದವು.

ಆ ದುರಂತದ ಕಾರಣ ತೀರ್ಮಾನಿಸುವುದು ನನ್ನ ಕೆಲಸವಲ್ಲ. ನಮ್ಮ ಓಣಿಗಳಲ್ಲಿ ದಿನಾ ಕಾಣುವುದನ್ನು ಮಾತ್ರ ಹೇಳುತ್ತೇನೆ. ನಳದ ಪೈಪು ಗಟಾರದೊಳಗೇ ಹಾದು ಮನೆಗೆ ಬರುತ್ತದೆ. ನೀರು ಬಿಡುವುದು ಸ್ವಲ್ಪ ಹೊತ್ತು, ಉಳಿದ ಹೊತ್ತು ಪೈಪು ಖಾಲಿ. ನೀರು ಬಂದ ತಕ್ಷಣ ಮನೆಮನೆಯವರು ಮೋಟಾರು ಹಚ್ಚಿ ಎಳೆಯುತ್ತಾರೆ. ಎಳೆತಕ್ಕೆ ಸಿಕ್ಕಿದ ಪೈಪು ಸೀಳಿದ್ದ ಕಡೆಯೆಲ್ಲ ಗಟಾರವನ್ನೂ ಕುಡಿಯುತ್ತದೆ. ಬಕೆಟ್ಟಿನಲ್ಲಿ ಅದ್ದಿಟ್ಟ ರಬ್ಬರ್ ಪೈಪು ಕೂಡ ಅದೇ ಕೆಲಸ ಮಾಡುತ್ತದೆ. ಇದಕ್ಕೆ ಅಂಗಡಿಯ ಸಾಮಾನೂ ಬೇಡ. ನಳದ ಬಾಯಿಗೂ ತುಂಬಿದ ಕೊಡದ ನೀರಿಗೂ ನಡುವೆ ಪೈಪಿನ ಅಗಲದ ಎರಡರಷ್ಟು ಬರೀ ಗಾಳಿ ಬಿಟ್ಟರೆ ನೀರು ಹಿಂದಕ್ಕೆ ಜಿಗಿಯಲಾರದು. ಗಟಾರಕ್ಕೆ ನೀರಿನ ಕಾವಲು, ಕುಡಿಯುವ ನೀರಿಗೆ ಗಾಳಿಯ ಕಾವಲು.

ಇನ್ನು ಆ 20 ಮಿಲಿಮೀಟರ್. ಗಬ್ಬೂರು ಸುತ್ತಿನ ಎಷ್ಟೋ ಕುಟುಂಬಗಳು ಸುಗ್ಗಿ ಮುಗಿದ ಮೇಲೆ ಗುಳೆ ಹೋಗುತ್ತವೆ. ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟಿನ ಬಚ್ಚಲಿಗೆ ಟೈಲ್ಸು ಹೊರುವವರು, ಪೈಪು ಹೂಳಲು ಗೋಡೆ ಕೊರೆಯುವವರು ನಮ್ಮವರೇ. ಊರಿನ ಮನೆಗೆ ಕೀಲಿ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಎರಡು ಇಂಚು ನೀರೇ ನಿಲ್ಲದು. ಮುಕ್ಕಾಲು ಇಂಚು ಎಷ್ಟು ದಿನ ನಿಂತೀತು? ನೀರು ಉಳಿಸಲೆಂದು ಜಾಣತನದಿಂದ ಮಾಡಿದ ಸಣ್ಣ ಕಾವಲು ಮುಚ್ಚಿದ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಆರಿಹೋಗುತ್ತದೆ. ಮಳೆ ಬೀಳುವ ಹೊತ್ತಿಗೆ ತಿರುಗಿ ಬಂದವರನ್ನು ಎದುರುಗೊಳ್ಳುವುದು ನಾತ, ಜಿರಳೆ, ಕೆಲವು ಸಲ ಸಂಡಾಸದ ಗುಂಡಿಯಿಂದ ಬಂದ ಸೊಳ್ಳೆಯ ಹಿಂಡು. ‘ಸರಕಾರದ ಸಂಡಾಸ ಸರಿ ಇಲ್ಲ’ ಎಂದು ಅದರಲ್ಲಿ ಕಟ್ಟಿಗೆ ತುಂಬಿ ಮತ್ತೆ ಬಯಲಿಗೆ ಹೊರಟವರನ್ನು ನಾನು ಬಲ್ಲೆ. ಕೆಟ್ಟದ್ದು ಸಂಡಾಸವಲ್ಲ. ಮಳೆಯ ಊರಿನಲ್ಲಿ ಹುಟ್ಟಿದ ಯುಕ್ತಿ ನಮ್ಮ ಬಿಸಿಲಿಗೆ ಬಂದಾಗ, ಅದರ ಜೊತೆಗೆ ಬರಬೇಕಾದ ಮಾತು ಬರಲಿಲ್ಲ.

ಆ ಮಾತು ಬಹಳ ಸಣ್ಣದು. ಗುಳೆ ಹೋಗುವ ದಿನ ಕೊನೆಗೆ ಬಚ್ಚಲಿಗೂ ಸಂಡಾಸಕ್ಕೂ ನೀರು ತುಂಬಿ, ಮೇಲೆ ಒಂದು ಚಮಚ ಎಣ್ಣೆ ಬಿಡಿ. ನೀರಿನ ಮೇಲೆ ಎಣ್ಣೆ ಪದರ ನಿಂತರೆ ಆರುವುದು ಬಹಳ ನಿಧಾನವಾಗುತ್ತದೆ. ಜಾಲಿಯ ಮೇಲೆ ಒಂದು ಫರಸಿ ತುಂಡು ಮುಚ್ಚಿ. ಮನೆಯ ಕೀಲಿಯನ್ನು ಹೇಗೂ ಪಕ್ಕದ ಮನೆಯ ಅಕ್ಕನ ಕೈಗೆ ಕೊಟ್ಟು ‘ಅಮಾಸಿಗೆ ದೀಪಾ ಹಚ್ಚವಾ’ ಎಂದು ಹೇಳಿ ಹೋಗುವ ರೂಢಿ ನಮ್ಮಲ್ಲಿದೆ. ಈಗೀಗ ಕೆಲವು ಮನೆಗಳವರು ‘ಬಚ್ಚಲಕ್ಕ ಒಂದು ಚರಿಗಿ ನೀರು ಹಾಕವಾ’ ಎಂದೂ ಸೇರಿಸುತ್ತಿದ್ದಾರೆ. ರಾತ್ರಿ ಕಿಂಡಿಗೆ ಅರಿವಿ ಗಿಡಿಯುವುದನ್ನು ಯಾವ ಇಲಾಖೆಯೂ ನಮ್ಮ ಅಜ್ಜಿಯರಿಗೆ ಕಲಿಸಿರಲಿಲ್ಲ. ಇದನ್ನೂ ಹಾಗೆಯೇ ಮನೆಯಿಂದ ಮನೆಗೆ ಕಲಿಯಬಹುದು.

ಪಂಚಾಯಿತಿಯವರು ಮಾಡಬಹುದಾದ್ದೂ ಒಂದಿದೆ. ಸರಕಾರಿ ಯೋಜನೆಯ ಮನೆಗೆ ಕಂತಿನ ಹಣ ಬಿಡುಗಡೆ ಮಾಡುವ ಮುಂಚೆ ಅಡಿಪಾಯದ ಫೋಟೊ, ಛತ್ತಿನ ಫೋಟೊ ತೆಗೆಯುತ್ತಾರೆ. ನೆಲಕ್ಕೆ ಫರಸಿಯೋ ಟೈಲ್ಸೋ ಮುಚ್ಚುವ ಮುಂಚೆ ಟ್ರ್ಯಾಪಿನದೂ ಒಂದು ಫೋಟೊ ತೆಗೆಯಲಿ. ಮುಚ್ಚಿದ ಮೇಲೆ ಅದನ್ನು ನೋಡಬೇಕೆಂದರೆ ನೆಲ ಒಡೆಯಬೇಕಾಗುತ್ತದೆ. ಮನೆ ಕಟ್ಟಿಸುವವರಿಗೆ ನನ್ನದು ಇಷ್ಟೇ. ಟೈಲ್ಸ್ ಆರಿಸುವ ಮುಂಚೆ ನಿಮ್ಮ ಮೇಸ್ತ್ರಿಗೆ ಎರಡು ಪ್ರಶ್ನೆ ಕೇಳಿ: ನೀರು ಎಲ್ಲಿ ನಿಲ್ಲುತ್ತದೆ, ಗಾಳಿ ಎಲ್ಲಿಂದ ಹೋಗುತ್ತದೆ? ಅವನು ಬೆರಳು ಮಾಡಿ ತೋರಿಸಿದರೆ ಮುಂದಿನ ಕೆಲಸ ಹೇಳಿ. ತಡವರಿಸಿದರೆ ಅವತ್ತು ಸಿಮೆಂಟು ಕಲಸಲು ಬಿಡಬೇಡಿ.